ಅಮ್ಮನ ಲಿವರಿನಲ್ಲಿ ಹೈಡಾಟಿಡ್ ಗುಳ್ಳೆ: ಸ್ಕ್ಯಾನ್ ರಿಪೋರ್ಟ್ ಅರ್ಥ ಮಾಡಿಕೊಳ್ಳೋದು ಹೇಗೆ?

ಕಾಫಿಮನೆ_ನಾಪೋಕ್ಲು

ಎಲ್ಲರಿಗೂ ನಮಸ್ಕಾರ. ನಮ್ಮ ಅಮ್ಮನಿಗೆ 61 ವರ್ಷ. ಈ ಸಲ ಮಳೆಗಾಲ ಮುಗಿಯುವ ಹೊತ್ತಿಗೆ ಬಲಗಡೆ ಪಕ್ಕೆಲುಬಿನ ಕೆಳಗೆ ಏನೋ ಒತ್ತಿದ ಹಾಗಾಗುತ್ತೆ ಅಂತ ಹೇಳತೊಡಗಿದರು. ಜ್ವರ ಇಲ್ಲ, ಕಾಮಾಲೆ ಇಲ್ಲ, ಊಟ ಚೆನ್ನಾಗೇ ಮಾಡುತ್ತಾರೆ. ಗ್ಯಾಸ್ಟ್ರಿಕ್ ಅಂತ ಮಾತ್ರೆ ತಗೊಂಡರು, ಕಡಿಮೆ ಆಗಲಿಲ್ಲ. ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿದಾಗ ಲಿವರಿನ ಬಲಭಾಗದಲ್ಲಿ 7 ಸೆಂ.ಮೀ. ಗಾತ್ರದ ನೀರುಗುಳ್ಳೆ ಕಂಡಿತು.

ಮೊದಲು ತೋರಿಸಿದ ಕಡೆ, ಕೀವು ಇರಬಹುದು, ಸೂಜಿ ಹಾಕಿ ಎಳೆದು ನೋಡೋಣ ಅಂದರು. ಅಮ್ಮ ಒಪ್ಪಲಿಲ್ಲ. ಇನ್ನೊಂದು ಕಡೆ ಸ್ಕ್ಯಾನ್ ಮಾಡಿದ ಡಾಕ್ಟರು ತುಂಬಾ ಹೊತ್ತು ನೋಡಿದರು. ಅಮ್ಮನನ್ನು ಎಡಕ್ಕೆ ಹೊರಳಿಸಿ, ಬಲಕ್ಕೆ ಹೊರಳಿಸಿ ಮತ್ತೆ ನೋಡಿದರು. ಆಮೇಲೆ, ಇದು ಹೈಡಾಟಿಡ್, ಅಂದ್ರೆ ನಾಯಿಯ ಲಾಡಿಹುಳದ ಮೊಟ್ಟೆ ಹೊಟ್ಟೆಗೆ ಹೋಗಿ ಆಗುವ ಗುಳ್ಳೆ, ಸದ್ಯಕ್ಕೆ ಯಾರೂ ಸೂಜಿ ಚುಚ್ಚುವುದು ಬೇಡ ಅಂದರು. ರಿಪೋರ್ಟಿನಲ್ಲಿ ‘ಸಿಇ3ಎ’ ಅಂತ ಬರೆದಿದ್ದಾರೆ. ಹಾಗಂದ್ರೆ ಏನು? ಆಪರೇಷನ್ನೇ ಬೇಕಾ? ಎಂಆರ್‌ಐ ಮಾಡಿಸಿ ಅಂತಲೂ ಹೇಳಿದ್ದಾರೆ, ಸಿಟಿ ಸಾಕಾಗಲ್ವಾ?

ಮನೆಯಲ್ಲಿ ಮೂರು ನಾಯಿ ಇವೆ. ತೋಟದ ಕೆಲಸದವರಿರುವ ಲೈನ್ ಮನೆ ಕಡೆ ಇನ್ನೂ ಜಾಸ್ತಿ. ನಾಯಿಯಿಂದ ಬರುತ್ತೆ ಅಂತ ಕೇಳಿದ ಮೇಲೆ ಅಪ್ಪ ನಾಯಿಗಳನ್ನೆಲ್ಲ ಎಲ್ಲಾದರೂ ಬಿಟ್ಟು ಬರೋಣ ಅಂತಿದ್ದಾರೆ. ತಿಳಿದವರು ದಯವಿಟ್ಟು ಹೇಳಿ.

ಸಿಸ್ಟರ್_ಗೋಣಿಕೊಪ್ಪ

ಅಕ್ಕ, ಧೈರ್ಯವಾಗಿರಿ. ಇದು ಕ್ಯಾನ್ಸರ್ ಅಲ್ಲ, ಒಬ್ಬರಿಂದ ಒಬ್ಬರಿಗೆ ಅಂಟೋದೂ ಇಲ್ಲ. ಅಮ್ಮನ ತಟ್ಟೆ ಲೋಟ ಬೇರೆ ಇಡಬೇಕಾಗಿಲ್ಲ. ಆದರೆ ಒಂದು ವಿಷಯ ನೆನಪಿರಲಿ. ಗುಳ್ಳೆಗೆ ಪೆಟ್ಟು ಬೀಳಬಾರದು. ಭಾರ ಎತ್ತೋದು, ಜೀಪಿನಲ್ಲಿ ತೋಟದ ಗುಂಡಿ ರಸ್ತೆಯಲ್ಲಿ ಓಡಾಡೋದು ಸದ್ಯಕ್ಕೆ ಬೇಡ. ಹೊಟ್ಟೆಗೆ ಏಟು ಬಿದ್ದು ಇದ್ದಕ್ಕಿದ್ದಂತೆ ಮೈಯೆಲ್ಲ ದದ್ದು, ಉಸಿರಾಟಕ್ಕೆ ಕಷ್ಟ, ತಲೆ ಸುತ್ತು ಬಂದರೆ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ. ಹೋದ ಕೂಡಲೇ ಲಿವರಿನಲ್ಲಿ ಹೈಡಾಟಿಡ್ ಇದೆ ಅಂತ ಹೇಳಿ.

ಎಕ್ಸ್‌ರೇ_ಡಾಕ್ಟರ್_ಮಡಿಕೇರಿ

ಅಕ್ಕ, ನಾನು ರೇಡಿಯಾಲಜಿಯಲ್ಲಿ ಇರುವವನು. ನಿಮ್ಮ ಅಮ್ಮ ಸೂಜಿಗೆ ಒಪ್ಪದೆ ಇದ್ದದ್ದು ಒಳ್ಳೆಯದೇ ಆಯ್ತು. ಹೈಡಾಟಿಡ್ ಗುಳ್ಳೆಯೊಳಗಿನ ನೀರು ನೋಡೋಕೆ ತಿಳಿಯಾಗಿರುತ್ತೆ. ಅದು ಹೊಟ್ಟೆಯೊಳಗೆ ಸೋರಿದರೆ ಮೈ ತೀವ್ರವಾದ ಅಲರ್ಜಿ ತೋರಿಸಬಹುದು, ಬಿಪಿ ಬಿದ್ದು ಜೀವಕ್ಕೇ ಕುತ್ತು ಬರಬಹುದು. ಅದರಿಂದ ಪಾರಾದರೂ, ಆ ನೀರಿನಲ್ಲಿರುವ ಹುಳದ ಸಣ್ಣ ಸಣ್ಣ ತಲೆಗಳು ಹೊಟ್ಟೆಯ ಪೊರೆ ಮೇಲೆ ಬಿದ್ದು ವರ್ಷಗಳ ನಂತರ ಅಲ್ಲಲ್ಲಿ ಹೊಸ ಗುಳ್ಳೆಗಳಾಗುತ್ತವೆ. ಸೂಜಿ ಹಾಕಲೇಬಾರದು ಅಂತ ನಾನು ಹೇಳ್ತಿಲ್ಲ. ಹೈಡಾಟಿಡ್ ಅಂತ ಗೊತ್ತಿದ್ದು, ಹಂತ ನೋಡಿ, ಮಾತ್ರೆ ಶುರು ಮಾಡಿ, ಅಲರ್ಜಿಗೆ ಬೇಕಾದ ಔಷಧಿ ಪಕ್ಕದಲ್ಲೇ ಇಟ್ಟುಕೊಂಡು ಹಾಕುವುದು ಬೇರೆ. ಕೀವು ಅಂದುಕೊಂಡು ಹಾಕುವುದು ಬೇರೆ. ಅದಕ್ಕೇ ಮೊದಲು ಚಿತ್ರ ಸರಿಯಾಗಿ ಓದಬೇಕು ಅನ್ನೋದು.

ಈಗ ಹಂತದ ವಿಷಯ. ಟ್ಯುನೀಷಿಯಾದ ಘರ್ಬಿ ಅನ್ನುವ ವೈದ್ಯರು 1981ರಲ್ಲಿ ಅಲ್ಟ್ರಾಸೌಂಡ್‌ನಲ್ಲಿ ಈ ಗುಳ್ಳೆಗಳು ಹೇಗೆ ಕಾಣುತ್ತವೆ ಅಂತ ವಿಂಗಡಿಸಿದರು. ಅದನ್ನು ತಿದ್ದಿ 2003ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಗುಂಪು ಈಗಿನ ಸಿಇ (ಸಿಸ್ಟಿಕ್ ಎಕಿನೊಕೊಕೊಸಿಸ್, ಅಂದ್ರೆ ಹೈಡಾಟಿಡ್ ರೋಗ) ಪಟ್ಟಿಯನ್ನು ಪ್ರಕಟಿಸಿತು. ಇದರಲ್ಲಿ ನನಗೆ ತುಂಬಾ ಇಷ್ಟವಾದ ವಿಷಯ ಅಂದ್ರೆ, ಅಂಕಿಗಳು ಗಾತ್ರವನ್ನು ಹೇಳಲ್ಲ. ಗುಳ್ಳೆ ಬದುಕಿದೆಯಾ, ಸೋಲ್ತಾ ಇದೆಯಾ, ಸತ್ತಿದೆಯಾ ಅಂತ ಹೇಳುತ್ತವೆ.

ಸಿಇ1 ಅಂದ್ರೆ ಒಂದೇ ಕೋಣೆಯ, ದುಂಡನೆಯ, ಜೀವಂತ ಗುಳ್ಳೆ. ಅಂಚಿನಲ್ಲಿ ಎರಡು ಬಿಳಿ ಗೆರೆ ಪಕ್ಕಪಕ್ಕದಲ್ಲಿ ಕಾಣುತ್ತವೆ. ಹೊರಗಿನದು ನಮ್ಮ ದೇಹ ಕಟ್ಟಿದ ಗೋಡೆ, ಒಳಗಿನದು ಹುಳದ ಪೊರೆ. ತಳದಲ್ಲಿ ಸಣ್ಣ ಮರಳು ಕೂತಿರುತ್ತೆ. ರೋಗಿಯನ್ನು ಹೊರಳಿಸಿದರೆ ಆ ಮರಳು ಎದ್ದು, ಬಿಳಿ ಚುಕ್ಕಿಗಳು ಸ್ಕ್ರೀನ್ ತುಂಬಾ ನಿಧಾನವಾಗಿ ತೇಲಿ ಇಳಿಯುತ್ತವೆ. ನಿಮ್ಮ ಅಮ್ಮನನ್ನು ಅವರು ಹೊರಳಿಸಿ ನೋಡಿದ್ದು ಅದಕ್ಕೇ. ಸಾಧಾರಣ ಲಿವರ್ ಸಿಸ್ಟ್‌ನಲ್ಲಿ ಈ ಎರಡು ಗೆರೆಯೂ ಇಲ್ಲ, ಮರಳೂ ಇಲ್ಲ. ಅರ್ಧ ನಿಮಿಷ ಜಾಸ್ತಿ ನೋಡುವ ತಾಳ್ಮೆ ಇದ್ದರೆ ಎಷ್ಟೋ ರೋಗಿಗಳ ದಾರಿಯೇ ಬದಲಾಗುತ್ತೆ.

ಸಿಇ2ರಲ್ಲಿ ದೊಡ್ಡ ಗುಳ್ಳೆಯೊಳಗೆ ಮರಿ ಗುಳ್ಳೆಗಳು ಹುಟ್ಟಿರುತ್ತವೆ. ಜೇನುಹುಟ್ಟಿನ ಕೋಣೆಗಳ ಥರ, ಇಲ್ಲವೇ ಗಾಡಿಚಕ್ರದ ಅರಗಳ ಥರ ಕಾಣುತ್ತೆ ಅಂತ ಪುಸ್ತಕಗಳಲ್ಲಿ ಬರೀತಾರೆ. ಇದೂ ಜೀವಂತವೇ.

ಸಿಇ3ರಲ್ಲಿ ಎರಡು ಬಗೆ. 3ಎ ಅಂದ್ರೆ ಒಳಗಿನ ಒತ್ತಡ ಇಳಿದು ಹುಳದ ಪೊರೆ ಗೋಡೆಯಿಂದ ಬಿಟ್ಟುಕೊಂಡು ನೀರಿನಲ್ಲಿ ತೇಲ್ತಾ ಇರುತ್ತೆ. ನಿಮ್ಮ ಅಮ್ಮನದು ಇದು. 3ಬಿ ಅಂದ್ರೆ ಒಳಗೆಲ್ಲ ಗಟ್ಟಿ ದ್ರವ್ಯ ತುಂಬಿಕೊಂಡು, ಅದರ ನಡುವೆ ಇನ್ನೂ ಮರಿ ಗುಳ್ಳೆಗಳು ಉಳಿದಿರುತ್ತವೆ. ಎರಡಕ್ಕೂ ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸ, ಚಿಕಿತ್ಸೆಯಲ್ಲಿ ಭಾರಿ ವ್ಯತ್ಯಾಸ. ಸಿಇ4, ಸಿಇ5 ಸತ್ತ ಗುಳ್ಳೆಗಳು. ಒಳಗೆ ಮಡಚಿದ ಪೊರೆ, ಗಟ್ಟಿ ದ್ರವ್ಯ, ಆಮೇಲೆ ಗೋಡೆಯಲ್ಲಿ ಸುಣ್ಣ. ತೊಂದರೆ ಕೊಡದಿದ್ದರೆ ಇವನ್ನು ಮುಟ್ಟುವುದೇ ಇಲ್ಲ, ಆಗಾಗ ಸ್ಕ್ಯಾನ್ ಮಾಡಿ ನೋಡ್ತಾ ಇರ್ತೀವಿ. ಆದರೆ ಎಚ್ಚರ, ಗೋಡೆಯಲ್ಲಿ ಅಲ್ಲೊಂದು ಇಲ್ಲೊಂದು ಸುಣ್ಣದ ಗೆರೆ ಕಂಡ ಮಾತ್ರಕ್ಕೆ ಸತ್ತಿದೆ ಅಂತ ಹೇಳೋಕಾಗಲ್ಲ. ಎಲ್ಲ ಹಂತದಲ್ಲೂ ಸ್ವಲ್ಪ ಸುಣ್ಣ ಇರಬಹುದು.

ಇವೆಲ್ಲದರ ಹೊರಗೆ ‘ಸಿಎಲ್’ ಅಂತ ಒಂದಿದೆ. ಬರೀ ನೀರುಗುಳ್ಳೆ, ಹೈಡಾಟಿಡ್‌ನ ಗುರುತು ಯಾವುದೂ ಇಲ್ಲ. ಅಂಥದ್ದಕ್ಕೆ ಬೇರೆ ಪರೀಕ್ಷೆ ಆಗುವ ತನಕ ಹೆಸರು ಕೊಡಬಾರದು.

ಪಿಜಿ_ಕುಶಾಲನಗರ

ಸರ್, ಅಕ್ಕ ಕೇಳಿದ ಸಿಟಿ–ಎಂಆರ್‌ಐ ಪ್ರಶ್ನೆಗೂ ಸ್ವಲ್ಪ ಹೇಳಿ. ನಮ್ಮಲ್ಲೂ ಎಷ್ಟೋ ಜನ ಸಿಟಿ ಮಾಡಿಸಿದರೆ ಎಲ್ಲಾ ಗೊತ್ತಾಗುತ್ತೆ ಅಂದುಕೊಂಡು ಬರ್ತಾರೆ.

ಎಕ್ಸ್‌ರೇ_ಡಾಕ್ಟರ್_ಮಡಿಕೇರಿ

ಲಿವರಿನ ಹೈಡಾಟಿಡ್‌ಗೆ ಮೊದಲ ಪರೀಕ್ಷೆ ಅಲ್ಟ್ರಾಸೌಂಡೇ. ಹಂತ ಹೇಳೋಕೂ ಅದೇ ಒಳ್ಳೆಯದು. ಗುಳ್ಳೆಯೊಳಗಿನ ತೆಳುವಾದ ಪೊರೆ, ಮರಳು, ಇವು ಸಿಟಿಯಲ್ಲಿ ಬಹಳ ಸಲ ಕಾಣೋದೇ ಇಲ್ಲ. ಸಿಇ1 ಗುಳ್ಳೆ ಸಿಟಿಯಲ್ಲಿ ಸಾಧಾರಣ ಸಿಸ್ಟ್ ಥರ ಕೂತಿರುತ್ತೆ, ಹಾಗೇ ರಿಪೋರ್ಟ್ ಆಗಿಬಿಡುತ್ತೆ. ಎಂಆರ್‌ಐನ ಟಿ2 ಚಿತ್ರದಲ್ಲಿ ನೀರು ಬೆಳ್ಳಗೆ ಬರುತ್ತೆ. ಅದರ ನಡುವೆ ತೇಲುವ ಪೊರೆ ಕಪ್ಪು ಗೆರೆಯಾಗಿ ಚೆನ್ನಾಗಿ ಕಾಣುತ್ತೆ. ಹೊರಗೋಡೆಯೂ ಕಪ್ಪು ಉಂಗುರವಾಗಿ ಎದ್ದು ತೋರುತ್ತೆ.

ಎಂಆರ್‌ಐನ ಇನ್ನೊಂದು ಉಪಯೋಗ ನಿಮ್ಮ ಅಮ್ಮನಿಗೆ ಮುಖ್ಯ. ಗುಳ್ಳೆಗೂ ಪಿತ್ತನಾಳಕ್ಕೂ ಸಂಪರ್ಕ ಆಗಿದೆಯಾ ಅಂತ ಎಂಆರ್‌ಸಿಪಿಯಲ್ಲಿ, ಅಂದ್ರೆ ಪಿತ್ತನಾಳ ತೋರಿಸುವ ಎಂಆರ್‌ಐಯಲ್ಲಿ ನೋಡಬಹುದು. ಗುಳ್ಳೆ ಪಿತ್ತನಾಳಕ್ಕೆ ಒಡೆದರೆ ಪೊರೆಯ ತುಂಡುಗಳು ನಾಳದಲ್ಲಿ ಸಿಕ್ಕಿ ಕಾಮಾಲೆ, ಚಳಿಜ್ವರ ಬರುತ್ತೆ. ಅಂಥ ಗುಳ್ಳೆಗೆ ಸೂಜಿ ಮೂಲಕ ಹುಳ ಸಾಯುವ ಔಷಧಿ ಹಾಕಿದರೆ ಆ ಔಷಧಿ ಪಿತ್ತನಾಳವನ್ನೇ ಸುಡುತ್ತೆ. ಆದ್ದರಿಂದ ಎಂಆರ್‌ಐ ಬರೆದುಕೊಟ್ಟ ಡಾಕ್ಟರು ಸರಿಯಾಗೇ ಯೋಚನೆ ಮಾಡಿದ್ದಾರೆ.

ಸಿಟಿ ಬೇಡ ಅಂತಲ್ಲ. ಸುಣ್ಣ ನೋಡೋಕೆ, ಎಲುಬು ನೋಡೋಕೆ, ಎದೆ ನೋಡೋಕೆ, ಒಡೆದ ಗುಳ್ಳೆ, ಕೀವಾದ ಗುಳ್ಳೆ ನೋಡೋಕೆ, ಆಪರೇಷನ್ನಿಗೆ ಮುಂಚೆ ದಾರಿ ಗುರುತು ಹಾಕಿಕೊಳ್ಳೋಕೆ ಸಿಟಿ ಬೇಕು.

ಮತ್ತೆ ಅಕ್ಕ, ಎದೆಯ ಎಕ್ಸ್‌ರೇ ಒಂದು ತೆಗೆಸಿ. ಲಿವರಿನಲ್ಲಿ ಇದ್ದವರಿಗೆ ಶ್ವಾಸಕೋಶದಲ್ಲೂ ಇರಬಹುದು. ಹೊಟ್ಟೆಗೆ ಹೋದ ಮೊಟ್ಟೆ ಕರುಳಿನಲ್ಲಿ ಒಡೆದು, ಮರಿ ರಕ್ತನಾಳ ಸೇರಿ ಮೊದಲು ಲಿವರಿಗೆ ಬರುತ್ತೆ. ಲಿವರ್ ಜರಡಿ ಹಿಡಿದ ಹಾಗೆ ಬಹುಪಾಲನ್ನು ಅಲ್ಲೇ ತಡೆಯುತ್ತೆ. ತಪ್ಪಿಸಿಕೊಂಡದ್ದು ಶ್ವಾಸಕೋಶಕ್ಕೆ, ಅಲ್ಲೂ ತಪ್ಪಿಸಿಕೊಂಡದ್ದು ಬೇರೆ ಅಂಗಗಳಿಗೆ. ಸುಮಾರು ಶೇ. 70 ಲಿವರಿನಲ್ಲಿ, ಶೇ. 20 ಶ್ವಾಸಕೋಶದಲ್ಲಿ ಸಿಗೋದು ಇದೇ ಕಾರಣಕ್ಕೆ. ಮಕ್ಕಳಲ್ಲಿ ಶ್ವಾಸಕೋಶದ ಪಾಲು ಜಾಸ್ತಿ.

ಶನಿವಾರಸಂತೆ_ಮೇಷ್ಟ್ರು

ಶ್ವಾಸಕೋಶದ ಮಾತು ಬಂತಲ್ಲ, ನನ್ನ ತಮ್ಮನ ಕಥೆ ಹೇಳಲೇಬೇಕು. ಕುರಿ ವ್ಯಾಪಾರ ಮಾಡ್ತಿದ್ದ. ಹುಣಸೂರು, ಪಿರಿಯಾಪಟ್ಟಣ ಕಡೆಯಿಂದ ಕುರಿ ತಂದು ನಮ್ಮ ಸಂತೆಯಲ್ಲಿ ಮಾರೋದು. ಅವನಿಗೆ ತಿಂಗಳುಗಟ್ಟಲೆ ಕೆಮ್ಮು. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಕೆಳಗೆ ದುಂಡನೆಯ ಬಿಳಿ ಮಚ್ಚೆ. ಕಫದಲ್ಲಿ ಟಿಬಿ ಸಿಗಲಿಲ್ಲ, ಆದರೂ ಟಿಬಿ ಇರಬಹುದು ಅಂತ ಒಂದು ಕಡೆ ಮಾತ್ರೆ ಶುರು ಮಾಡಿದರು.

ಒಂದು ದಿನ ಬೆಳಿಗ್ಗೆ ಗದ್ದೆ ಬದುವಿನ ಮೇಲೆ ನಿಂತು ಕೆಮ್ಮುತ್ತಾ ಕೆಮ್ಮುತ್ತಾ ಬಾಯಿ ತುಂಬಾ ನೀರು ಉಗಿದ. ಉಪ್ಪುಪ್ಪು ನೀರು ಅಣ್ಣ, ಅಂದ. ಅದರಲ್ಲಿ ದ್ರಾಕ್ಷಿ ಸಿಪ್ಪೆ ಥರ ತೆಳುವಾದ ಬಿಳಿ ಚೂರು ಇತ್ತು. ಮೈಯೆಲ್ಲ ತುರಿಕೆ ಎದ್ದಿತು. ಅವತ್ತೇ ಮೈಸೂರಿಗೆ ಕರ್ಕೊಂಡು ಹೋದೆವು. ಆ ಚೂರನ್ನು ನನ್ನ ಹೆಂಡತಿ ಒಂದು ಬಾಟ್ಲಿಯಲ್ಲಿ ಹಾಕಿ ಕೈಗೆ ಕೊಟ್ಟಿದ್ದಳು. ಡಾಕ್ಟರು ಅದನ್ನು ನೋಡಿದ್ದೇ ತಡ, ಸಿಟಿ ಬರೆದರು. ಆಪರೇಷನ್ ಆಯ್ತು. ಈಗ ಆರಾಮಾಗಿದ್ದಾನೆ. ಡಾಕ್ಟ್ರೇ, ಮೊದಲ ಎಕ್ಸ್‌ರೇಯಲ್ಲೇ ಇದನ್ನು ಗುರುತಿಸೋಕೆ ಆಗ್ತಿತ್ತಾ?

ಎಕ್ಸ್‌ರೇ_ಡಾಕ್ಟರ್_ಮಡಿಕೇರಿ

ಮೇಷ್ಟ್ರೇ, ನಿಮ್ಮ ಮನೆಯವರು ಮಾಡಿದ ಕೆಲಸ ಬಹಳ ದೊಡ್ಡದು. ಆ ಬಾಟ್ಲಿಯೇ ರೋಗದ ಹೆಸರು ಹೇಳಿಬಿಟ್ಟಿದೆ.

ಒಡೆಯದೆ ಇರುವ ಗುಳ್ಳೆ ಎಕ್ಸ್‌ರೇಯಲ್ಲಿ ನೀಟಾದ ಅಂಚಿನ, ಒಂದೇ ಸಮನಾದ ದುಂಡು ಮಚ್ಚೆ. ಅಷ್ಟೇ. ಅದನ್ನು ನೋಡಿ ಗೆಡ್ಡೆ ಅನ್ನಬಹುದು, ಟಿಬಿ ಗಂಟು ಅನ್ನಬಹುದು. ಕುರಿ, ನಾಯಿ ಜೊತೆ ಒಡನಾಟ ಇದೆಯಾ ಅಂತ ಕೇಳಿದರೆ ಮಾತ್ರ ಹೈಡಾಟಿಡ್ ನೆನಪಿಗೆ ಬರುತ್ತೆ. ಲಿವರಿನ ಗುಳ್ಳೆಯ ಹಾಗೆ ಶ್ವಾಸಕೋಶದ್ದು ಸುಣ್ಣ ಕಟ್ಟುವುದು ತೀರಾ ಅಪರೂಪ. ಆ ಸುಳಿವೂ ಸಿಗಲ್ಲ. ಶ್ವಾಸಕೋಶ ಮೆತ್ತಗೆ, ಹಿಗ್ಗುವಂಥದ್ದು. ಹಾಗಾಗಿ ಗುಳ್ಳೆ ಅಲ್ಲಿ ಬೇಗ ದೊಡ್ಡದಾಗುತ್ತೆ, 10 ಸೆಂ.ಮೀ. ದಾಟಿದ್ದನ್ನೂ ನೋಡ್ತೀವಿ.

ಚಿತ್ರ ಮಾತಾಡೋಕೆ ಶುರು ಮಾಡೋದು ಗುಳ್ಳೆ ಉಸಿರುನಾಳಕ್ಕೆ ತಾಗಿದ ಮೇಲೆ. ಮೊದಲು ಹೊರಗೋಡೆಗೂ ಹುಳದ ಪೊರೆಗೂ ನಡುವೆ ಸ್ವಲ್ಪ ಗಾಳಿ ನುಗ್ಗುತ್ತೆ. ಮೇಲ್ಭಾಗದಲ್ಲಿ ತೆಳುವಾದ ಅರ್ಧಚಂದ್ರ ಕಾಣುತ್ತೆ. ಆ ಹಂತದಲ್ಲಿ ಹಿಡಿದರೆ ಗುಳ್ಳೆ ಪೂರ್ತಿ ಒಡೆಯೋ ಮುಂಚೆಯೇ ಆಪರೇಷನ್ ಮಾಡಬಹುದು. ಆಮೇಲೆ ಪೊರೆಯೂ ಹರಿದು ಗಾಳಿ ಒಳಗೆ ಹೋಗುತ್ತೆ, ನೀರು ಕೆಮ್ಮಿನಲ್ಲಿ ಹೊರಗೆ ಬರುತ್ತೆ. ಕುಸಿದ ಪೊರೆ ಉಳಿದ ನೀರಿನ ಮೇಲೆ ತೇಲುತ್ತೆ. ಇದನ್ನು ನೈದಿಲೆ ಗುರುತು ಅಂತೀವಿ. ನಿಮ್ಮ ತಮ್ಮನ ಸಿಟಿಯಲ್ಲಿ ಬಹುಶಃ ಇದೇ ಕಂಡಿರಬೇಕು. ನೀರೆಲ್ಲ ಖಾಲಿಯಾಗಿ ಪೊರೆ ಮಾತ್ರ ತಳದಲ್ಲಿ ಮುದುಡಿ ಕೂತರೆ ಮತ್ತೆ ಗೊಂದಲ. ಹಳೆ ಟಿಬಿ ಗುಳಿಯಲ್ಲಿ ಬೆಳೆಯುವ ಬೂಸ್ಟಿನ ಉಂಡೆಯೂ ಹೀಗೇ ಕಾಣುತ್ತೆ.

ಇಲ್ಲಿ ಇನ್ನೆರಡು ಮಾತು. ಶ್ವಾಸಕೋಶದ ಗುಳ್ಳೆಗೆ ಸೂಜಿ ಹಾಕುವ ಚಿಕಿತ್ಸೆ ಇಲ್ಲ, ಅದು ಶಸ್ತ್ರಚಿಕಿತ್ಸಕರ ಕೆಲಸ. ದೊಡ್ಡ ಗುಳ್ಳೆಗೆ ಬರೀ ಆಲ್ಬೆಂಡಜೋಲ್ (ಹುಳದ ಮಾತ್ರೆ) ಕೊಟ್ಟು ಕೂತರೆ ಪೊರೆ ಸಡಿಲವಾಗಿ ಒಡೆಯುವ ಸಾಧ್ಯತೆಯೂ ಇದೆ. ಮತ್ತೆ, ರಕ್ತ ಪರೀಕ್ಷೆ ನೆಗೆಟಿವ್ ಬಂತು ಅಂತ ನಿಶ್ಚಿಂತೆ ಬೇಡ. ಒಡೆಯದ ಶ್ವಾಸಕೋಶದ ಗುಳ್ಳೆಯಲ್ಲಿ ಎಲೈಸಾ ನೆಗೆಟಿವ್ ಬರುವುದು ಸಾಮಾನ್ಯ. ಚಿತ್ರ ಹೈಡಾಟಿಡ್ ಅಂತಿದ್ದರೆ ಚಿತ್ರವನ್ನೇ ನಂಬಬೇಕು.

ಹೋಂಸ್ಟೇ_ಕುಟ್ಟ

ಇದನ್ನೆಲ್ಲ ಓದಿ ಹೆದರಿಕೆ ಆಗ್ತಿದೆ. ನಾವು ವಾರಕ್ಕೆ ಎರಡು ಮೂರು ಸಲ ಪಂದಿಕರಿ ಮಾಡ್ತೀವಿ. ಗೆಸ್ಟ್‌ಗಳಿಗೂ ಅದೇ ಬೇಕು. ಹಂದಿ ಮಾಂಸದಿಂದ ತಲೆಯಲ್ಲಿ ಹುಳ ಆಗುತ್ತೆ ಅಂತ ವಾಟ್ಸಾಪಿನಲ್ಲಿ ಓಡಾಡ್ತಾ ಇರುತ್ತೆ. ಇದೂ ಅದೇನಾ? ಕುರಿ ಈಲಿ (ಲಿವರ್) ತಿಂದರೆ ಹೈಡಾಟಿಡ್ ಬರುತ್ತಾ?

ಪಶುವೈದ್ಯ_ಸೋಮವಾರಪೇಟೆ

ಅಣ್ಣ, ಇವೆರಡೂ ಬೇರೆ ಬೇರೆ ಹುಳ. ಕುರಿ ಈಲಿ ತಿಂದು ಮನುಷ್ಯನಿಗೆ ಹೈಡಾಟಿಡ್ ಬರೋದಿಲ್ಲ. ಗುಳ್ಳೆ ಇರುವ ಈಲಿಯನ್ನು ನಾಯಿ ಹಸಿಯಾಗಿ ತಿಂದರೆ ನಾಯಿಯ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತೆ. ಲಾಡಿಹುಳು ಅಂದ್ರೆ ಮೀಟರುಗಟ್ಟಲೆ ಉದ್ದ ಅಂದುಕೊಳ್ಳಬೇಡಿ. ಇದು ಕೆಲವೇ ಮಿಲಿಮೀಟರ್. ಒಂದು ನಾಯಿಯಲ್ಲಿ ಸಾವಿರಾರು ಇದ್ದರೂ ನಾಯಿ ಗುಂಡುಗುಂಡಾಗಿ ಓಡಾಡಿಕೊಂಡಿರುತ್ತೆ. ಅದರ ಮಲದಲ್ಲಿ ಮೊಟ್ಟೆ ಬೀಳುತ್ತೆ. ಮೈ ನೆಕ್ಕಿಕೊಂಡಾಗ ರೋಮಕ್ಕೂ ಅಂಟುತ್ತೆ. ಮುದ್ದು ಮಾಡಿದ ಕೈ ತೊಳೆಯದೆ ತಿಂದರೆ, ಹಿತ್ತಲಿನ ಸೊಪ್ಪನ್ನು ಸರಿಯಾಗಿ ತೊಳೆಯದೆ ತಿಂದರೆ, ತೋಡಿನ ನೀರು ಹಾಗೇ ಕುಡಿದರೆ ನಮ್ಮೊಳಗೆ ಹೋಗೋದು ಆ ಮೊಟ್ಟೆ.

ತಂಪು, ತೇವ ಇರುವ ಮಣ್ಣಿನಲ್ಲಿ ಮೊಟ್ಟೆ ತಿಂಗಳುಗಟ್ಟಲೆ ಬದುಕುತ್ತೆ. ಬಿಸಿಲು, ಒಣಹವೆ, ಬಿಸಿ ಇವಕ್ಕೆ ಆಗಲ್ಲ. ಕಾಫಿ ತೋಟದ ನೆರಳು, ನಮ್ಮ ಮಳೆ ಎಂಥದ್ದು ಅಂತ ನಿಮಗೇ ಗೊತ್ತಿದೆ.

ಸಿಸ್ಟರ್_ಗೋಣಿಕೊಪ್ಪ

ಹಂದಿಯ ವಿಷಯ ನಾನು ಹೇಳ್ತೀನಿ. ಸರಿಯಾಗಿ ಬೇಯದ ಹಂದಿ ಮಾಂಸದಿಂದ ಮನುಷ್ಯನ ಕರುಳಿನಲ್ಲಿ ಉದ್ದನೆಯ ಲಾಡಿಹುಳು ಆಗಬಹುದು. ಮೆದುಳಿಗೆ ಹೋಗುವ ಗುಳ್ಳೆ ಬರೋದು ಮಾಂಸದಿಂದಲ್ಲ. ಆ ಲಾಡಿಹುಳು ಇರುವ ಮನುಷ್ಯನ ಮಲದಲ್ಲಿರುವ ಮೊಟ್ಟೆ ಕೈ, ನೀರು, ತರಕಾರಿ ಮೂಲಕ ಹೊಟ್ಟೆಗೆ ಹೋದರೆ ಬರುತ್ತೆ. ಹಂದಿ ಮುಟ್ಟದವರಿಗೂ ಬರುತ್ತೆ. ಚೆನ್ನಾಗಿ ಬೆಂದ ಪಂದಿಕರಿಗೆ ಭಯ ಬೇಡ ಅಣ್ಣ. ಅಡುಗೆಯವರು, ಕೆಲಸದವರು ಎಲ್ಲರಿಗೂ ಶೌಚಾಲಯ, ಸೋಪು ಇದೆಯಾ ಅಂತ ನೋಡಿಕೊಳ್ಳಿ.

ಪಿಜಿ_ಕುಶಾಲನಗರ

ಮೆದುಳಿನ ಸ್ಕ್ಯಾನಿನಲ್ಲಿ ಇವೆರಡನ್ನೂ ಬೇರೆ ಮಾಡೋದು ಸುಲಭ ಅಲ್ವಾ ಸರ್? ಹಂದಿ ಲಾಡಿಹುಳದ್ದು ಸಣ್ಣ ಸಣ್ಣ ಗುಳ್ಳೆ, ಒಳಗೊಂದು ಚುಕ್ಕಿ, ಬಹಳ ಸಲ ಒಂದಕ್ಕಿಂತ ಜಾಸ್ತಿ. ಹೈಡಾಟಿಡ್ ಅಂದ್ರೆ ಒಂದೇ ದೊಡ್ಡ ಗೋಳ.

ಎಕ್ಸ್‌ರೇ_ಡಾಕ್ಟರ್_ಮಡಿಕೇರಿ

ಹೌದು, ಸರಿಯಾಗಿ ಹೇಳಿದ್ದೀಯ. ಮೆದುಳಿನ ಹೈಡಾಟಿಡ್ ಅಪರೂಪ, ಎಲ್ಲ ಹೈಡಾಟಿಡ್‌ಗಳಲ್ಲಿ ಶೇ. 1ರಿಂದ 2. ಜಾಸ್ತಿ ಮಕ್ಕಳಲ್ಲಿ. ತಲೆನೋವು, ವಾಂತಿ, ಕಣ್ಣು ಮಂಜು ಅಂತ ಬರ್ತಾರೆ. ಸಿಟಿಯಲ್ಲಿ ಕಂಪಾಸ್ ಇಟ್ಟು ಬರೆದಷ್ಟು ದುಂಡನೆಯ ಗುಳ್ಳೆ, ಒಳಗೆ ತಿಳಿನೀರಿನ ಸಾಂದ್ರತೆ. ಇಷ್ಟು ದೊಡ್ಡದಿದ್ದರೂ ಸುತ್ತ ಊತ ಇರೋದಿಲ್ಲ, ಕಾಂಟ್ರಾಸ್ಟ್ ಕೊಟ್ಟರೂ ಅಂಚು ಹೊಳೆಯೋದಿಲ್ಲ. ಕೀವುಗಡ್ಡೆಯಾದರೆ ಎರಡೂ ಇರುತ್ತವೆ. ಇದನ್ನು ಸ್ಕ್ಯಾನಿನಲ್ಲೇ ಗುರುತಿಸಿ ಸರ್ಜನ್‌ಗೆ ಮುಂಚೆಯೇ ಹೇಳಬೇಕು. ಅವರು ಗುಳ್ಳೆ ಮತ್ತು ಮೆದುಳಿನ ನಡುವೆ ಸಲೈನ್ ನೀರು ಹರಿಸಿ, ತಲೆಯನ್ನು ಓರೆ ಮಾಡಿ, ಗುಳ್ಳೆ ಇಡಿಯಾಗಿ ಜಾರಿ ಹೊರಗೆ ಬರುವಂತೆ ಮಾಡ್ತಾರೆ. ಗೊತ್ತಿಲ್ಲದೆ ಸೂಜಿ ಹಾಕಿ ಒಡೆದರೆ ಮಗುವಿಗೆ ಮತ್ತೆ ಮತ್ತೆ ಗುಳ್ಳೆ ಬರುವ ಅಪಾಯ.

ಗುಲ್ಮದಲ್ಲಿ, ಕಿಡ್ನಿಯಲ್ಲಿ ಬಂದರೆ ಚಿತ್ರ ಲಿವರಿನ ಥರವೇ. ಕಿಡ್ನಿಯ ಗುಳ್ಳೆ ಮೂತ್ರದ ದಾರಿಗೆ ಒಡೆದರೆ ಮೇಷ್ಟ್ರ ತಮ್ಮನ ಕಫದಲ್ಲಿ ಬಂದಂಥ ಸಿಪ್ಪೆ ಮೂತ್ರದಲ್ಲಿ ಬರುತ್ತೆ. ಹೃದಯದ್ದು ತೀರಾ ಅಪರೂಪ, ಎಕೋದಲ್ಲಿ ಗೊತ್ತಾಗುತ್ತೆ.

ಎಲುಬಿನದ್ದೇ ನನಗೆ ದೊಡ್ಡ ಚಿಂತೆ. ಬೆನ್ನುಮೂಳೆ, ಸೊಂಟದ ಎಲುಬು ಇವುಗಳಲ್ಲಿ ಜಾಸ್ತಿ. ಅಲ್ಲಿ ನಮ್ಮ ದೇಹ ಹೊರಗೋಡೆ ಕಟ್ಟೋದಿಲ್ಲ. ಹಾಗಾಗಿ ದುಂಡನೆಯ ಗುಳ್ಳೆಯೇ ಆಗಲ್ಲ. ಎಲುಬಿನ ಸಂದುಗೊಂದುಗಳಲ್ಲಿ ಸಣ್ಣ ಸಣ್ಣ ಕೋಣೆಗಳಾಗಿ ಹರಡುತ್ತೆ. ಎಕ್ಸ್‌ರೇಯಲ್ಲಿ ಎಲುಬು ತೂತುತೂತಾಗಿ ಕಾಣುತ್ತೆ. ನಮ್ಮ ದೇಶದಲ್ಲಿ ಬೆನ್ನುಮೂಳೆ ಹಾಳಾಗಿದೆ ಅಂದ ಕೂಡಲೇ ಟಿಬಿ ಅಂತ ಯೋಚನೆ ಓಡುತ್ತೆ, ಅದು ಸಹಜ ಕೂಡ. ಆದರೆ ಟಿಬಿಯಲ್ಲಿ ಮೂಳೆಗಳ ನಡುವಿನ ಡಿಸ್ಕ್ ಸಾಮಾನ್ಯವಾಗಿ ಹಾಳಾಗುತ್ತೆ, ಹೈಡಾಟಿಡ್‌ನಲ್ಲಿ ಬಹಳ ಕಾಲ ಉಳಿದಿರುತ್ತೆ. ಎಂಆರ್‌ಐ ಟಿ2ನಲ್ಲಿ ಬೆಳ್ಳಗಿನ ಸಣ್ಣ ಗುಳ್ಳೆಗಳ ಗೊಂಚಲು ಕಂಡರೆ ಹೈಡಾಟಿಡ್ ನೆನಪಿಸಿಕೊಳ್ಳಬೇಕು. ಇದನ್ನು ಪೂರ್ತಿ ತೆಗೆಯೋದು ಕಷ್ಟ, ಮತ್ತೆ ಬರುತ್ತೆ. ಬೇಗ ಗುರುತಿಸಿದಷ್ಟೂ ಕಾಲು ಉಳಿಯುತ್ತೆ.

ಕಾಫಿಮನೆ_ನಾಪೋಕ್ಲು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ತುಂಬಾ ಧನ್ಯವಾದ. ಎಂಆರ್‌ಐ ಆಯ್ತು. ಪಿತ್ತನಾಳಕ್ಕೆ ಸಂಪರ್ಕ ಕಂಡಿಲ್ಲ, ಸಿಇ3ಎ ಅಂತಲೇ ಬಂದಿದೆ. ಎದೆ ಎಕ್ಸ್‌ರೇ ಸರಿಯಾಗಿದೆ. ಮೈಸೂರಿನಲ್ಲಿ ‘ಪೇರ್’ ಮಾಡ್ತೀವಿ ಅಂತ ಹೇಳಿದ್ದಾರೆ. ಆಲ್ಬೆಂಡಜೋಲ್ ಈಗಲೇ ಶುರು ಮಾಡಿದ್ದಾರೆ. ಅದೂ ಸೂಜಿಯೇ ಅಲ್ವಾ ಅಂತ ಅಮ್ಮ ಮತ್ತೆ ಹೆದರಿದ್ದಾರೆ. ಏನು ಹೇಳಲಿ?

ಎಕ್ಸ್‌ರೇ_ಡಾಕ್ಟರ್_ಮಡಿಕೇರಿ

ಅಮ್ಮನಿಗೆ ಹೀಗೆ ಹೇಳಿ. ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಲೇ ಸೂಜಿಯನ್ನು ಲಿವರಿನ ಒಂದಿಷ್ಟು ದಪ್ಪದ ಮೂಲಕ ಗುಳ್ಳೆಗೆ ಕಳಿಸ್ತಾರೆ. ನೇರ ಹೊರಗಿನಿಂದ ಚುಚ್ಚಲ್ಲ, ಹಾಗಾಗಿ ಸೋರಿದರೂ ಹೊಟ್ಟೆಯೊಳಗೆ ಬೀಳೋದು ಕಡಿಮೆ. ನೀರು ತೆಗೆದು ಅದರಲ್ಲಿ ಪಿತ್ತ ಇದೆಯಾ ಅಂತ ಅಲ್ಲೇ ಪರೀಕ್ಷೆ ಮಾಡ್ತಾರೆ. ಇಲ್ಲ ಅಂತಾದ ಮೇಲೆ ಗಟ್ಟಿ ಉಪ್ಪುನೀರನ್ನೋ ಆಲ್ಕೋಹಾಲನ್ನೋ ಒಳಗೆ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಳೆದು ತೆಗೀತಾರೆ. ಅರಿವಳಿಕೆ ಡಾಕ್ಟರು ಪಕ್ಕದಲ್ಲೇ ಇರ್ತಾರೆ.

5 ಸೆಂ.ಮೀ.ಗಿಂತ ದೊಡ್ಡದಾದ ಸಿಇ1 ಮತ್ತು ಸಿಇ3ಎಗೆ ಇದು ಒಳ್ಳೆ ದಾರಿ. ಅದಕ್ಕಿಂತ ಸಣ್ಣದಿದ್ದರೆ ಮಾತ್ರೆ ಒಂದರಲ್ಲೇ ನೋಡಬಹುದು. ಸಿಇ2, ಸಿಇ3ಬಿ ಆಗಿದ್ದರೆ ನಾನು ಈ ಮಾತು ಹೇಳ್ತಿರಲಿಲ್ಲ. ಅಷ್ಟೊಂದು ಮರಿ ಗುಳ್ಳೆಗಳನ್ನು ಒಂದು ಸೂಜಿಯಿಂದ ಖಾಲಿ ಮಾಡೋಕಾಗಲ್ಲ. ಅವಕ್ಕೆ ಬಹಳ ಸಲ ಆಪರೇಷನ್ನೇ ಬೇಕು.

ಹೋಗುವಾಗ ಬರೀ ರಿಪೋರ್ಟ್ ಕಾಗದ ಅಲ್ಲ, ಎಲ್ಲ ಸ್ಕ್ಯಾನಿನ ಫಿಲ್ಮ್, ಸಿಡಿ ತಗೊಂಡು ಹೋಗಿ. ಮೊದಲ ಸ್ಕ್ಯಾನಿನದ್ದೂ ಸೇರಿಸಿ. ಮುಂದೆ ಹೋಲಿಸಿ ನೋಡೋಕೆ ಅದೇ ಆಧಾರ. ಪೇರ್ ಆದ ಮೇಲೆ ಗುಳ್ಳೆ ಮಾಯವಾಗಿಬಿಡುತ್ತೆ ಅಂತ ಕಾಯಬೇಡಿ. ನೀರು ಸ್ವಲ್ಪ ಮತ್ತೆ ತುಂಬಬಹುದು. ತಿಂಗಳುಗಳು ಕಳೆದಂತೆ ಒಳಗೆ ಗಟ್ಟಿಯಾಗಿ, ಸಣ್ಣದಾಗಿ, ಸಿಇ4 ಕಡೆ ಹೋಗೋದನ್ನು ನಾವು ನೋಡ್ತೀವಿ. ಮೊದಮೊದಲು ಕೆಲವು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ, 5 ವರ್ಷವಾದರೂ ಅಲ್ಟ್ರಾಸೌಂಡ್ ಬಿಡಬೇಡಿ. ಅದಕ್ಕೆ ಮೈಸೂರಿಗೇ ಹೋಗಬೇಕಂತಿಲ್ಲ, ಮಡಿಕೇರಿಯಲ್ಲೇ ಆಗುತ್ತೆ. ಆದಷ್ಟೂ ಒಬ್ಬರೇ ಡಾಕ್ಟರ ಹತ್ತಿರ ಮಾಡಿಸಿ.

ಸಿಸ್ಟರ್_ಗೋಣಿಕೊಪ್ಪ

ಆಲ್ಬೆಂಡಜೋಲನ್ನು ಖಾಲಿ ಹೊಟ್ಟೆಗೆ ಕೊಡಬೇಡಿ. ಜಿಡ್ಡಿರುವ ಊಟದ ಜೊತೆ ಕೊಟ್ಟರೆ ರಕ್ತಕ್ಕೆ ಚೆನ್ನಾಗಿ ಸೇರುತ್ತೆ. ಶಾಲೆಯಲ್ಲಿ ಮಕ್ಕಳಿಗೆ ಕೊಡುವ ಒಂದು ಸಲದ ಜಂತುಹುಳ ಮಾತ್ರೆಯ ಹಾಗೆ ಅಲ್ಲ ಇದು, ದಿನಾ ಎರಡು ಹೊತ್ತು ವಾರಗಟ್ಟಲೆ ನಡೆಯುತ್ತೆ. ನಡುನಡುವೆ ಲಿವರ್ ಪರೀಕ್ಷೆ, ರಕ್ತಕಣದ ಲೆಕ್ಕ ಮಾಡಿಸಲೇಬೇಕು. ಡಾಕ್ಟರು ಹೇಳಿದ ದಿನಾಂಕ ಕ್ಯಾಲೆಂಡರಿನಲ್ಲಿ ಬರೆದಿಡಿ.

ಶನಿವಾರಸಂತೆ_ಮೇಷ್ಟ್ರು

ಅಕ್ಕನ ಅಪ್ಪ ನಾಯಿಗಳನ್ನು ಬಿಟ್ಟು ಬರ್ತೀನಿ ಅಂದಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ. ನಮ್ಮ ಮನೆಯಲ್ಲೂ ಆಗ ಇದೇ ಜಗಳ ಆಗಿತ್ತು. ಪಶುವೈದ್ಯರೇ, ನೀವೇ ಹೇಳಬೇಕು.

ಪಶುವೈದ್ಯ_ಸೋಮವಾರಪೇಟೆ

ಮೇಷ್ಟ್ರೇ, ನಾಯಿ ಬಿಟ್ಟು ಬಂದರೆ ಹುಳ ಇನ್ನೊಂದು ಊರಿಗೆ ಹೋಗುತ್ತೆ, ಅಷ್ಟೇ. ಖಾಲಿಯಾದ ಅಂಗಳಕ್ಕೆ ಬೇರೆ ಬೀದಿನಾಯಿ ಬರುತ್ತೆ. ಮತ್ತೆ, ಅಮ್ಮನಿಗೆ ಈ ಗುಳ್ಳೆ ಶುರುವಾಗಿ ಎಷ್ಟೋ ವರ್ಷ ಆಗಿರಬಹುದು. ಬಹಳ ನಿಧಾನ ಬೆಳೆಯುವಂಥದ್ದು. ಈಗಿರುವ ನಾಯಿಗಳೇ ಕಾರಣ ಅಂತ ಹೇಳೋಕಾಗಲ್ಲ.

ಮಾಡಬೇಕಾದ್ದು ಬೇರೆ ಇದೆ. ನಾಯಿಗೆ ಪ್ರಾಜಿಕ್ವಾಂಟೆಲ್ ಇರುವ ಮಾತ್ರೆಯೇ ಕೊಡಬೇಕು. ಬರೀ ದುಂಡುಹುಳಕ್ಕೆ ಕೊಡುವ ಮಾತ್ರೆ ಈ ಲಾಡಿಹುಳಕ್ಕೆ ಆಗಲ್ಲ. ಮೆಡಿಕಲ್‌ನಲ್ಲಿ ಸುಮ್ನೆ ಹುಳದ ಮಾತ್ರೆ ಕೊಡಿ ಅಂತ ಕೇಳಬೇಡಿ, ಹೆಸರು ಓದಿ ತಗೊಳ್ಳಿ. ನಾಯಿಯ ಹೊಟ್ಟೆ ಸೇರಿದ ಹುಳ ಮೊಟ್ಟೆ ಇಡೋಕೆ ಸುಮಾರು 6ರಿಂದ 7 ವಾರ ಬೇಕು. ಅದಕ್ಕೇ ಹಸಿ ಮಾಂಸ ಸಿಗುವ ನಾಯಿಗೆ 6 ವಾರಕ್ಕೊಮ್ಮೆ ಮಾತ್ರೆ ಬಿದ್ದರೆ ಮೊಟ್ಟೆ ಹೊರಗೆ ಬೀಳೋದೇ ಇಲ್ಲ. ಅಷ್ಟು ಆಗದಿದ್ದರೆ ವರ್ಷಕ್ಕೆ ನಾಲ್ಕು ಸಲವಾದರೂ ಕೊಡಿ. ಮಾತ್ರೆ ಹುಳವನ್ನು ಕೊಲ್ಲುತ್ತೆ, ಮೊಟ್ಟೆಯನ್ನಲ್ಲ. ಕೊಟ್ಟ ಮೇಲೆ ಎರಡು ಮೂರು ದಿನ ನಾಯಿಯನ್ನು ಕಟ್ಟಿ ಹಾಕಿ, ಮಲವನ್ನು ಆಳವಾಗಿ ಹೂಳಿ ಅಥವಾ ಸುಡಿ.

ಮಾತ್ರೆಗಿಂತಲೂ ಮುಖ್ಯ ನಾಯಿಯ ಬಾಯಿಗೆ ಏನು ಬೀಳುತ್ತೆ ಅನ್ನೋದು. ಹಬ್ಬಕ್ಕೆ, ಮದುವೆಗೆ ಮನೆಯಲ್ಲೇ ಕುರಿ, ಆಡು, ಹಂದಿ ಕಡಿಯುವಾಗ ಒಂದು ಸಲ ನಿಂತು ನೋಡಿ. ಈಲಿ, ಪುಪ್ಪುಸ ತೆಗೆದಾಗ ಅದರ ಮೇಲೆ ಬೆಳ್ಳಗೆ, ಬಿಗಿಯಾಗಿ ಉಬ್ಬಿದ ಗುಳ್ಳೆ ಇದ್ದರೆ ಅದೇ ಹೈಡಾಟಿಡ್. ಕೊಯ್ದರೆ ಒತ್ತಡಕ್ಕೆ ನೀರು ಚಿಮ್ಮುತ್ತೆ. ಒಳಗೆ ಮೊಸರಿನ ಬಣ್ಣದ ಪೊರೆ ಸುಲಿದು ಬರುತ್ತೆ, ತಳದಲ್ಲಿ ನುಣ್ಣನೆ ಮರಳು. ಡಾಕ್ಟರ್ ಸ್ಕ್ಯಾನಿನಲ್ಲಿ ತೇಲೋದನ್ನು ನೋಡ್ತಾರಲ್ಲ, ಅದೇ ಮರಳು. ಆ ತುಂಡನ್ನು ಕತ್ತರಿಸಿ ಪಕ್ಕದಲ್ಲಿ ಕಾಯ್ತಾ ಕೂತ ನಾಯಿಗೆ ಎಸೆಯುವುದು ನಮ್ಮ ಕಡೆ ಅಭ್ಯಾಸ. ಎಸೆಯಬೇಡಿ. ಆಳವಾಗಿ ಹೂಳಿ, ನಾಯಿ ಕೆದಕದಂತೆ ಮೇಲೆ ಕಲ್ಲು ಇಡಿ. ಇಲ್ಲ, ನಾಯಿಗೇ ಹಾಕಬೇಕು ಅಂದ್ರೆ ಅರ್ಧ ಗಂಟೆ ಚೆನ್ನಾಗಿ ಕುದಿಸಿ ಹಾಕಿ.

ಇದು ಆಗದ ಕೆಲಸ ಅಲ್ಲ. ಐಸ್‌ಲ್ಯಾಂಡ್‌ನಲ್ಲಿ 1860ರ ದಶಕದಲ್ಲಿ ಮನೆಮನೆಗೆ ಪುಸ್ತಿಕೆ ಹಂಚಿ, ನಾಯಿಗೆ ಹಸಿ ಅಂಗ ಹಾಕಬೇಡಿ ಅಂತ ತಿಳಿಸಿ ಹೇಳಿದರು. ಆಗ ಈಗಿನ ಮಾತ್ರೆ ಇರಲಿಲ್ಲ, ಸ್ಕ್ಯಾನ್ ಇರಲಿಲ್ಲ. ಆದರೂ ಅಲ್ಲಿ ರೋಗ ಹೋಯ್ತು. ಕುರಿಗಳೇ ತುಂಬಿದ ನ್ಯೂಜಿಲೆಂಡ್ 2002ರಲ್ಲಿ ಈ ರೋಗದಿಂದ ತಾತ್ಕಾಲಿಕವಾಗಿ ಮುಕ್ತ ಅಂತ ಘೋಷಿಸಿಕೊಂಡಿತು. ಟ್ಯಾಸ್ಮೇನಿಯಾ ಅದಕ್ಕೂ ಮುಂಚೆ, 1996ರಲ್ಲಿ. ನಮ್ಮಲ್ಲಿ ಕಾಡಂಚಿನಲ್ಲಿ ನರಿ, ಸೀಳುನಾಯಿ ಕೂಡ ಇರೋದರಿಂದ ಕಷ್ಟ ಜಾಸ್ತಿ. ಆದರೆ ಮನೆಯಂಗಳದ ನಾಯಿ ನಮ್ಮ ಕೈಯಲ್ಲೇ ಇದೆಯಲ್ಲ.

ಕಾಫಿಮನೆ_ನಾಪೋಕ್ಲು

ಅಪ್ಪನಿಗೆ ಇದನ್ನು ಪೂರ್ತಿ ಓದಿ ಹೇಳಿದೆ. ನಾಯಿ ಬಿಡೋ ಮಾತು ನಿಲ್ಲಿಸಿದ್ದಾರೆ. ಲೈನ್ ಮನೆಯ ನಾಯಿಗಳಿಗೂ ಮಾತ್ರೆ ನಾವೇ ಕೊಡಿಸ್ತೀವಿ. ಅಲ್ಲಿ ಮಕ್ಕಳು ನಾಯಿಮರಿ ಎತ್ತಿಕೊಂಡೇ ತಿಂಡಿ ತಿನ್ನುತ್ತವೆ, ಅದನ್ನು ನೋಡಿದರೆ ಈಗ ಎದೆ ಧಸಕ್ ಅನ್ನುತ್ತೆ. ಡಾಕ್ಟ್ರೇ, ಮನೆಯಲ್ಲಿ ಉಳಿದವರೂ ಸ್ಕ್ಯಾನ್ ಮಾಡಿಸಬೇಕಾ?

ಎಕ್ಸ್‌ರೇ_ಡಾಕ್ಟರ್_ಮಡಿಕೇರಿ

ಒಂದೇ ಮನೆ, ಅದೇ ನಾಯಿ, ಅದೇ ನೀರು ಆದ್ದರಿಂದ ಒಂದು ಸಲ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿ ನೋಡೋದು ಒಳ್ಳೆಯದು. ವಿಕಿರಣ ಇಲ್ಲ, ನೋವಿಲ್ಲ. ಮಕ್ಕಳಿಗೂ ಮಾಡಬಹುದು. ಎಲ್ಲರಿಗೂ ಸಿಟಿ ಬೇಡವೇ ಬೇಡ. ಯಾರಿಗಾದರೂ ಬಿಡದ ಕೆಮ್ಮಿದ್ದರೆ ಎದೆ ಎಕ್ಸ್‌ರೇ ಸೇರಿಸಿ. ಸ್ಕ್ಯಾನ್ ಮಾಡುವವರಿಗೆ, ಮನೆಯಲ್ಲಿ ಒಬ್ಬರಿಗೆ ಹೈಡಾಟಿಡ್ ಇದೆ ಅಂತ ಮೊದಲೇ ಹೇಳಿ. ಕೇಳಿಕೊಂಡು ನೋಡಿದಾಗ ನಮ್ಮ ಕಣ್ಣು ಬೇರೆ ಥರ ಹುಡುಕುತ್ತೆ.

ಪಶುವೈದ್ಯ_ಸೋಮವಾರಪೇಟೆ

ಅಕ್ಕ, ಮಾತ್ರೆ ಕೊಡೋ ಮುಂಚೆ ಪ್ರತಿ ನಾಯಿಯ ತೂಕ ಬೇಕು, ಅದರ ಮೇಲೆ ಲೆಕ್ಕ. ಕಾಫಿ ಮೂಟೆ ತೂಗುವ ತಕ್ಕಡಿ ನಿಮ್ಮಲ್ಲಿ ಇದ್ದೇ ಇರುತ್ತೆ, ನಾಯಿಯನ್ನು ಎತ್ತಿಕೊಂಡು ಒಬ್ಬರು ನಿಂತು, ಆಮೇಲೆ ಅವರ ತೂಕ ಕಳೆದರೆ ಆಯ್ತು. ಹಾಲು ಕುಡಿಯುವ ಮರಿಗಳಿದ್ದರೆ ಬೇರೆ ಪಟ್ಟಿ ಮಾಡಿ. ಪಟ್ಟಿಯನ್ನು ನಿಮ್ಮ ಹತ್ತಿರದ ಪಶು ಆಸ್ಪತ್ರೆಗೆ ತಗೊಂಡು ಹೋಗಿ, ರೇಬೀಸ್ ಲಸಿಕೆಯೂ ಅದೇ ದಿನ ಹಾಕಿಸಿಬಿಡಿ.